ಬಾಲವಿಲ್ಲದ ನವಿಲುಗಳು

ನಮ್ಮ ತೆಕೋವ ಊರಿನ ಅಸ್ರಿಯೇಲನಿಗೆ ಮೂರು ಕತ್ತೆಗಳಿದ್ದವು. ಮೂರು ವರ್ಷಕ್ಕೊಮ್ಮೆ ಅರಸನ ಹಡಗುಗಳು ತೆಂಕಣ ಬಂದರಿಗೆ ಬಂದಾಗ ಸರಕು ಹೊರಲು ಅವನಿಗೆ ಕರೆ ಬರುತ್ತಿತ್ತು. ಒಂದು ಸಲ ದೂರದ ಓಫೀರ್ ನಾಡಿನ ಚಿನ್ನ, ದಂತ, ಗಂಧದ ಮರವೆಲ್ಲ ಒಂಟೆಯವರ ಪಾಲಾಯಿತು. ಇವನಿಗೆ ಸಿಕ್ಕಿದ್ದು ಎರಡು ಗಂಡು ನವಿಲು.

ಹೊರಡಲು ಅಪ್ಪಣೆ ಸಿಗುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ದಾರಿಯುದ್ದಕ್ಕೂ ಒಂದೊಂದೇ ಗರಿ ಉದುರಿತು. ಅಸ್ರಿಯೇಲ ಎಲ್ಲವನ್ನೂ ಆಯ್ದು ಚೀಲಕ್ಕೆ ತುಂಬಿಕೊಂಡ. ಯೆರೂಸಲೇಮಿನ ಬಾಗಿಲು ಮುಟ್ಟುವಾಗ ಪಂಜರಗಳಲ್ಲಿದ್ದದ್ದು ಬಾಲ ಬೋಳಾದ ಎರಡು ಹಕ್ಕಿ.

ಅರಮನೆಯ ಸರಕು ನೋಡಿಕೊಳ್ಳುತ್ತಿದ್ದ ಯೆರೀಮೋತ ಬಗ್ಗಿ ನೋಡಿದ. "ಇದೇನಯ್ಯಾ, ಕೋಳಿ ತಂದಿದೀಯ?"

"ನವಿಲು ಸ್ವಾಮಿ. ಗರಿ ಇಲ್ಲಿದೆ ನೋಡಿ. ವರ್ಷಕ್ಕೊಂದ್ಸಲ ಉದುರಿ ಮತ್ತೆ ಬರ್ತದಂತೆ, ಹಡಗಿನವರು ಹೇಳಿದ್ರು."

"ಉದುರಿದ್ದು ಮತ್ತೆ ಬರೋಕೆ ಇದೇನು ಅಂಜೂರದ ಮರಾನಾ? ನೀನೇ ಕಿತ್ತಿದೀಯ!"

ಗರಿಯ ಚೀಲವನ್ನು ಕಸಿದುಕೊಂಡ. ಕತ್ತೆಗಳನ್ನು ಅರಮನೆಯ ಲಾಯಕ್ಕೆ ಹೊಡೆಸಿದ. "ಬಾಲ ಬಂದ್ಮೇಲೆ ಹಕ್ಕಿ ತಗೊಂಡ್ಬಾ. ಆಮೇಲೆ ಕತ್ತೆ ಬಿಡ್ತೀನಿ."

ಪಂಜರಗಳನ್ನು ಹೆಗಲ ಮೇಲೆ ಹೊತ್ತು ಬಂದ ಗಂಡನನ್ನು ಕಂಡು ಚಿಬ್ಯಾ ಹಣೆ ಚಚ್ಚಿಕೊಂಡಳು. "ಅರಮನೇಲಿ ಉಣ್ಣೋ ತಟ್ಟೆನೂ ಚಿನ್ನದ್ದಂತೆ. ಅವರ ಹಕ್ಕಿಗೆ ನಮ್ಮನೆ ಜವೆಗೋಧಿನೇ ಬೇಕಾ?"

"ನನ್ನ ಮೇಲ್ಯಾಕೆ ಹಾರ್ತೀಯೆ? ಹೋಗಿ ಅರಸನ್ನೇ ಕೇಳು!"

ಮಳೆಗಾಲವೆಲ್ಲ ಅವನು ಕಟ್ಟಿಗೆ ಹೊತ್ತು ಮಾರಿದ. ನವಿಲುಗಳು ಮಾಳಿಗೆಯ ಮೇಲೆ ನಿಂತು ಕೂಗಿದವು, ನೆರೆಯವರು ಕಲ್ಲು ಬೀರಿದರು. ವಸಂತದ ಪಸ್ಕ ಹಬ್ಬ ಹತ್ತಿರವಾದಾಗ ಹೊಸ ಗರಿ ತುಂಬಿ ಬಂತು. ಒಂದು ಬೆಳಿಗ್ಗೆ ದೊಡ್ಡ ನವಿಲು ಬಾಲ ಬಿಚ್ಚಿ ಕುಣಿಯಿತು. ಚಿಬ್ಯಾ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು, ಬೈಯಲಿಲ್ಲ.

ಅಂದೇ ಅಸ್ರಿಯೇಲ ಪಂಜರಗಳನ್ನು ಹೊತ್ತು ನಗರಕ್ಕೆ ಓಡಿದ.

ಯೆರೀಮೋತ ತಲೆ ಅಲ್ಲಾಡಿಸಿದ. "ಇವು ಅವಲ್ಲ. ನಾನು ವಾಪಸ್ ಕಳಿಸಿದ್ದು ಬಾಲ ಇಲ್ಲದ್ದು."

"ಅಯ್ಯೋ, ಬಾಲ ಬರ್ಲಿ ಅಂದೋರು ನೀವೇ ಅಲ್ವಾ ಸ್ವಾಮಿ!"

"ಬಂದ್ರೆ ತಾ ಅಂದೆ. ಬರುತ್ತೆ ಅಂತ ನಾನೆಲ್ಲಿ ನಂಬಿದ್ದೆ?"

ಅಸ್ರಿಯೇಲನ ತಾಳ್ಮೆಯ ಕಟ್ಟೆಯೊಡೆಯಿತು. ಹೆಬ್ಬಾಗಿಲಿಗೆ ಅಡ್ಡ ಕೂತು ಬಾಯಿ ಬಡಿದುಕೊಂಡ. ನವಿಲುಗಳೂ ದನಿಗೂಡಿಸಿದವು. ಒಳಗಿಂದ ಬಂದ ಹಿರಿಯ ದಾಸಿಯೊಬ್ಬಳು, "ರಾಣೀವಾಸದೋರು ನವಿಲು ಕೇಳ್ತಿದಾರೆ" ಎಂದು ಪಂಜರಗಳನ್ನು ಎತ್ತಿಸಿಕೊಂಡು ಹೋದಳು.

"ಹಂಗಾದ್ರೆ ನನ್ನ ಕತ್ತೆಗಳು?"

"ಮೆಗಿದ್ದೋ ಕೋಟೆಗೆ ಕಲ್ಲು ಹೊರೋಕೆ ಹೋಗಿದಾವೆ," ಎಂದ ಯೆರೀಮೋತ. "ಸುಗ್ಗಿ ಮುಗಿದ್ಮೇಲೆ ಬಾ."

ಆ ಸುಗ್ಗಿಯಲ್ಲಿ ಅಸ್ರಿಯೇಲ ತೆನೆಯ ಸಿವುಡನ್ನೆಲ್ಲ ಬೆನ್ನ ಮೇಲೇ ಕಣಕ್ಕೆ ಹೊತ್ತ. ಹೊರೆಯ ಒಂದು ತುದಿ ಹಿಡಿದ ಚಿಬ್ಯಾ ದಾರಿಯುದ್ದಕ್ಕೂ ಅರಮನೆಯವರನ್ನು ಶಪಿಸಿದಳು. ಉಸಿರು ಸಾಲದೆ ಅವನು ಬರೀ ಹೂಂಗುಟ್ಟಿದ.