ಗೋಡೆಯ ಬಿಸಿ

"ಎಲ್ಲಾದ್ರೂ ಐದು ನಿಮಿಷ ನಿಲ್ಸಿ ಮತ್ತೆ ತೆಗೆದ್ರೆ ಎತ್ತಿನಗಾಡಿ ಕಣಮ್ಮ ಇದು. ಟರ್ಬೋ ಅಂತೆ ಟರ್ಬೋ!" ಎಂದ ಮುರಳಿಮೋಹನ್, ಕಾರಿನ ಪಕ್ಕ ನಿಂತು.

ತನುಜ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. ದನಿ ಕೇಳಿದ ಕೂಡಲೇ ಅವಳಿಗೆ ಗುರುತು ಹತ್ತಿತ್ತು. ಅವನಿಗೆ ಹತ್ತಿರಲಿಲ್ಲ. ತಮ್ಮೂರು ಸಾದಲಿಯಲ್ಲಿ ಅಪ್ಪನಿಗೆ ಬುತ್ತಿ ತರುತ್ತಿದ್ದ ಹನ್ನೆರಡು ವರ್ಷದ ಹುಡುಗಿಯ ಮುಖವನ್ನು ಅವನು ಯಾವತ್ತು ನೋಡಿದ್ದ?

"ಗಾಳಿ ಬಿಸಿ ಅಳೆಯೋ ಸೆನ್ಸರ್‌ನ ಇಂಜಿನ್ ಲೋಹಕ್ಕೆ ತಿರುಪಿದಾರೆ," ಎಂದಳು. "ಗಾಡಿ ನಿಂತ್ರೆ ಲೋಹ ಕಾಯುತ್ತೆ. ಇದು ಲೋಹದ ಬಿಸಿನೇ ಗಾಳಿ ಬಿಸಿ ಅಂತ ಹೇಳುತ್ತೆ. ಕಂಪ್ಯೂಟರ್ ಅದನ್ನ ನಂಬಿ ಶಕ್ತಿ ಇಳಿಸುತ್ತೆ."

ಗ್ಯಾರೇಜಿನ ಯಜಮಾನ ಅಂಬರೀಶ್ ನಕ್ಕ. "ನಮ್ ತನುಜಮ್ಮ ವಾರಕ್ಕೆ ಇಷ್ಟೇ ಸಾರ್ ಮಾತಾಡೋದು. ಈ ವಾರದ್ದು ಮುಗೀತು."

ಮುಗಿದಿರಲಿಲ್ಲ. ಮುರಳಿಮೋಹನನ ಹುಳದ ಮನೆಯಲ್ಲಿ ಅವಳ ಅಪ್ಪ ಎರ್ರಪ್ಪ ರೇಷ್ಮೆಹುಳ ಸಾಕುತ್ತಿದ್ದ. ಒಳಗೆ ಕಾಲಿಡಬೇಕಾದರೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿಟ್ಟ ಔಷಧಿನೀರಿನಲ್ಲಿ ಕಾಲು ತೊಳೆಯಬೇಕು. ಅವಳಿಗೆ ಹನ್ನೆರಡಾಗಿದ್ದ ಚಳಿಗಾಲ, ಬೂಟು ಬಿಚ್ಚುವ ಸೋಮಾರಿತನಕ್ಕೆ ಮುರಳಿಮೋಹನ್ ಹುಳದ ತಟ್ಟೆಗಳ ನಡುವೆ ತೂಗುತ್ತಿದ್ದ ಥರ್ಮಾಮೀಟರನ್ನು ಕಿತ್ತು, ಹೊಸ್ತಿಲಿಂದಲೇ ಕಾಣುವಂತೆ ತಗಡಿನ ಗೋಡೆಗೆ ಹೊಡೆದ. ಬುತ್ತಿ ಹಿಡಿದು ನಿಂತಿದ್ದ ತನುಜ ಅದನ್ನು ಕಂಡಿದ್ದಳು. ಬಿಸಿಲಿಗೆ ತಗಡು ಕಾದು ಪಾದರಸ ಏರಿತು. "ಒಲೆ ಆರ್ಸೋ," ಎಂದ. ಹುಳಕ್ಕೆ ಬಿಸಿ ಕೊಡುತ್ತಿದ್ದ ಒಲೆಯನ್ನು ಎರ್ರಪ್ಪ ಎದುರಾಡದೆ ಆರಿಸಿದ. ತಟ್ಟೆಗಳ ನಡುವಿನ ಚಳಿಗೆ ಹುಳ ಮೇವು ಬಿಟ್ಟವು, ಕಪ್ಪಾಗಿ ಕೊಳೆತವು. "ಇವನು ಕಾಲು ತೊಳೀದೆ ಬಂದ. ಇವರ ಕೈಕಾಲೇ ಅಷ್ಟು," ಎಂದು ಮುರಳಿಮೋಹನ್ ಊರಿನೆದುರು ಹೇಳಿದ. ಆಮೇಲೆ ಸಾದಲಿಯಲ್ಲಿ ಯಾರೂ ಎರ್ರಪ್ಪನನ್ನು ಹುಳದ ಮನೆಯ ಹೊಸ್ತಿಲು ದಾಟಿಸಲಿಲ್ಲ.

ಈಗ ಗ್ಯಾರೇಜಿನ ಡಬ್ಬಿಯಲ್ಲಿ ಎರಡು ಸೆನ್ಸರ್ ಇದ್ದವು. ಒಂದಕ್ಕೆ ಹಿತ್ತಾಳೆಯ ಟೋಪಿ; ಬಿಸಿ ಅದರೊಳಗೆ ಇಳಿಯುವುದೇ ನಿಧಾನ. ಟರ್ಬೋ ಗಾಳಿಯನ್ನು ಒತ್ತಿ ಕಾಯಿಸಿದ ಮೇಲೂ ಅದು ಇನ್ನೂ ತಣ್ಣಗಿದೆ ಅನ್ನುತ್ತಿರುತ್ತದೆ, ಕಂಪ್ಯೂಟರ್ ಶಕ್ತಿ ಇಳಿಸುವುದಿಲ್ಲ. ಹಾಕಿಬಿಟ್ಟರೆ ಒಂದು ದಿನ ಕೈವಾರದ ದಾರಿಯಲ್ಲಿ ಪಿಸ್ಟನ್ ಒಡೆಯುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ತನುಜ ಅದನ್ನು ಅಂಗೈಯಲ್ಲಿ ಬಿಗಿಹಿಡಿದಳು.

ಯಾರಿಗೂ ತಿಳಿಯುವುದಿಲ್ಲ. ಅದೇ ಅವಳಿಗೆ ಬೇಡವಾಗಿದ್ದು.

ಅದನ್ನಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಸಣ್ಣ ಪಂಜರದೊಳಗೆ ಬರಿಮೈಯ ಮಣಿ. ಗಾಳಿ ಸೋಕಿದರೆ ಸಾಕು, ಗೊತ್ತಾಗುತ್ತದೆ. ಗಾಳಿ ತಣಿದು ಬರುವ ಕಡೆ, ಪ್ಲಾಸ್ಟಿಕ್ ಕೊಳವೆಗೆ, ಮಣಿ ನಡುಗಾಳಿಗೆ ಬರುವಂತೆ ಕೂರಿಸಿದಳು. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕಾರಿನ ಕಂಪ್ಯೂಟರಿಗೆ ಹೊಸ ಸೆನ್ಸರಿನ ಅಳತೆಯ ಲೆಕ್ಕ ತುಂಬಿದಳು.

"ಓಡ್ಸಿ ನೋಡ್ಬೇಕು. ಹೋಗಣ," ಎಂದಳು. ಕೇಬಲ್ ಕೀಳದೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದ ಸೀಟಿನಲ್ಲಿ ಕೂತಳು.

ಕಾರು ಹಾರಿತು. "ಅಬ್ಬಾ! ಏನ್ ಕೈಯಮ್ಮ ನಿಂದು!" ಎಂದು ಮುರಳಿಮೋಹನ್ ದಾರಿಯುದ್ದಕ್ಕೂ ನಕ್ಕ. ಸಾದಲಿಯಲ್ಲಿ ಅವಳು "ಎಡಕ್ಕೆ ತಿರುಗ್ಸಿ" ಅಂದಳು. ಒಂದು ಮನೆಯೆದುರು "ನಿಲ್ಸಿ" ಅಂದಳು. ಎದುರುಮನೆಯ ಜಗುಲಿಯಲ್ಲಿ ನೆರೆಯ ಗಂಗುಲಮ್ಮ ನಾಲ್ಕೈದು ಜನರ ಜೊತೆ ಸೊಪ್ಪು ಬಿಡಿಸುತ್ತಿದ್ದಳು.

ಮನೆಯ ಗುರುತು ಹತ್ತಿ ಮುರಳಿಮೋಹನ್ ಅವಳ ಕಡೆ ತಿರುಗಿದ. "ನೀನು... ಎರ್ರಪ್ಪನ ಮಗಳಾ?"

"ಥರ್ಮಾಮೀಟರ್ ಕಿತ್ತು ಗೋಡೆಗೆ ಹೊಡ್ದಿದ್ದು ಯಾರು, ಹುಳ ಸತ್ತಿದ್ದು ಯಾಕೆ ಅಂತ ಅಪ್ಪನೆದುರು ಹೇಳಿ. ಜಗುಲಿಗೂ ಕೇಳಿಸ್ಬೇಕು."

"ಹನ್ನೊಂದು ವರ್ಷದ ಹಿಂದಿನ ಮಾತು! ಹೇಳ್ದಿದ್ರೆ?"

"ಲೆಕ್ಕ ಇನ್ನೂ ಸೇವ್ ಮಾಡಿಲ್ಲ. ಈ ಕೇಬಲ್ ಕೀಳ್ತೀನಿ. ಹಳೇ ಲೆಕ್ಕದಲ್ಲಿ ಈ ಸೆನ್ಸರ್ ಕಾದ ಗಾಳಿನ ತಣ್ಣಗಿದೆ ಅನ್ನುತ್ತೆ. ಇಂಜಿನ್ ಒಡೆಯೋದು ಇಲ್ಲೋ, ಮೇಲೂರು ದಾರಿಲೋ, ನಂಗೊತ್ತಿಲ್ಲ."

ಅವನು ಕೇಬಲ್ ಹಿಡಿದಿದ್ದ ಅವಳ ಬೆರಳನ್ನು ನೋಡಿದ. ಇಂಜಿನ್ ಆರಿಸಿ, ಕೀಲಿಯನ್ನು ಅಲ್ಲೇ ಬಿಟ್ಟು ಇಳಿದ.

"ಯಾರಪ್ಪಾ ಅದು?" ಒಳಗಿಂದ ಎರ್ರಪ್ಪನ ದನಿ ಬಂತು. ಈಗ ಅವನು ಮನೆಯ ಒಂದು ಕೋಣೆಯಲ್ಲೇ ಹುಳ ಸಾಕುತ್ತಿದ್ದ. "ಕಾಲು ತೊಳ್ಕಂಡು ಬಾ. ಹುಳ ನಾಲ್ಕನೇ ಜ್ವರಕ್ಕೆ ಮಲಗವೆ, ಪೊರೆ ಬಿಡೋ ಹೊತ್ತು."

ಮುರಳಿಮೋಹನ್ ಬಗ್ಗಿ ಬೂಟಿನ ಲೇಸು ಬಿಚ್ಚಿದ. ಬಾಗಿಲ ಬೋಗುಣಿಯಲ್ಲಿ ಒಂದೊಂದೇ ಕಾಲಿಟ್ಟ. ಹೊಸ್ತಿಲಲ್ಲಿ ನಿಂತು ಏನೋ ಗೊಣಗಿದ.

"ಜೋರಾಗಿ!" ತನುಜ ಕಾರಿನಿಂದ ಕೂಗಿದಳು. ಜಗುಲಿಯಲ್ಲಿ ಸೊಪ್ಪು ಬಿಡಿಸುವ ಕೈಗಳು ನಿಂತವು.

ಅವನು ಮತ್ತೆ ಮೊದಲಿಂದ ಹೇಳಿದ.

ಬಾನೆಟ್ಟಿನ ಕೆಳಗೆ ಇಂಜಿನ್ನಿನ ಲೋಹ ಕಾಯುತ್ತಿತ್ತು. ಪರದೆಯ ಮೇಲೆ ಗಾಳಿಯ ಬಿಸಿ ಮೂವತ್ತಾರು, ಮೂವತ್ತೇಳು; ಅಲ್ಲಿಂದಾಚೆ ಅಂಕಿ ಕದಲಲಿಲ್ಲ. ಚಪ್ಪಡಿ ಕಲ್ಲಿನ ಮೇಲೆ ಅವನ ಒದ್ದೆ ಹೆಜ್ಜೆಗಳು ಒಂದೊಂದಾಗಿ ಒಣಗಿದವು. ತನುಜ ಕೊನೆಯದು ಒಣಗುವವರೆಗೂ ಕಾದಳು. ಆಮೇಲೆ ಸೇವ್ ಗುಂಡಿ ಒತ್ತಿದಳು.