ತಾಟಿನ ಕೆಳಗಿನ ಗುಲಾಬಿ ಕಡ್ಡಿಗಳು

ಕ್ರಿಮಿ ಹೋಗಿತ್ತು. ತಟ್ಟೆ ಮಾತ್ರ ಹೋಗಿರಲಿಲ್ಲ.

ಅಪ್ಪನ ಕೊನೆಯ ಕಫದ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ, ಇನ್ನು ಮಾತ್ರೆ ಬೇಡ ಎಂದು ಸತ್ತೂರಿನ ಡಾಕ್ಟರು ಹೇಳಿದ ದಿನ ಕರುಣಾ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. ಮೊದಲು ನಗು ಬಂತು, ಆಮೇಲೆ ಅಳು, ಅದಾದ ಮೇಲೆ ಹಸಿವು. ಪಕ್ಕದಲ್ಲಿ ನಿಂತಿದ್ದ ಅಪ್ಪ, ಗಂಗಪ್ಪ ಮಾಸ್ತರ, ಯಾರದೋ ಮಗನ ಫಲಿತಾಂಶ ಕೇಳಿದವನಂತೆ, "ಪಾಸ್ ಆದ್ವಿ ಅನ್ನು" ಎಂದ. ಮನೆಗೆ ಬಂದವನೇ ನೇರ ಹಿತ್ತಲಿಗೆ ಹೋದ. ಹೊರಗೋಡೆಯ ಗೂಡಿನಲ್ಲಿದ್ದ ತನ್ನ ತಟ್ಟೆಯನ್ನು ತೊಳೆದು ತಂದು, ಅನ್ನ ಹಾಕಿಸಿಕೊಂಡು, ಬಾಗಿಲಾಚೆ ಒಬ್ಬನೇ ಕೂತು ಉಂಡ. ಆರು ತಿಂಗಳಿಂದ ಉಂಡ ಹಾಗೆಯೇ.

ಆ ತಟ್ಟೆಯನ್ನು ಬೇರೆ ಮಾಡಿದ್ದು ಮನೆಯವರಲ್ಲ, ಅವನೇ. ಕರುಣಾ ಹುಬ್ಬಳ್ಳಿಯ ವಿದ್ಯಾನಗರದ ಒಂದು ಲ್ಯಾಬಿನಲ್ಲಿ ದಿನವಿಡೀ ಕಂಡವರ ಕ್ರಿಮಿಗಳನ್ನು ನೋಡುವವಳು. ಅವಳು ಎಷ್ಟು ಸಲ ಹೇಳಿದ್ದಳೋ: "ಕ್ಷಯ ತಾಟಿನಿಂದ ಹತ್ತೂದಿಲ್ಲಪ್ಪಾ. ಉಸಿರಿನಿಂದ ಹತ್ತತೈತಿ. ಈಗಂತೂ ಅದೂ ಇಲ್ಲ."

"ನಿನ್ನ ಪುಸ್ತಕದಾಗ ಹಂಗ ಬರದಿರ್ತಾರ. ನಾಳೆ ನಿಮ್ಮವ್ವಗ ಹತ್ತಿದ್ರ ಪುಸ್ತಕ ಬಂದು ನೋಡಕೋತೈತೇನು?"

ಅವನ ಭಯಕ್ಕೆ ಕಾರಣವಿತ್ತು. ಅವನ ತಾಯಿ ಇದೇ ರೋಗದಲ್ಲಿ ಹೋಗಿದ್ದಳು. ಆದರೆ ಕರುಣಾಳಿಗೆ ನುಂಗಲಾಗದ ಮಾತು ಇನ್ನೊಂದಿತ್ತು. ಹುಡುಗನಾಗಿದ್ದಾಗ ತನ್ನೂರಿನ ಚಹಾದಂಗಡಿಯ ಹೊರಗೋಡೆಯಲ್ಲಿ, ಇಂಥದೇ ಗೂಡಿನಲ್ಲಿ, ತಮ್ಮ ಕೇರಿಯವರಿಗೆಂದೇ ಇಟ್ಟಿದ್ದ ಕಪ್ಪನ್ನು ಮುಟ್ಟಲೊಲ್ಲದೆ ಚಹಾವನ್ನೇ ಬಿಟ್ಟ ಮನುಷ್ಯ ಅವನು. ಮಾಸ್ತರನಾಗಿ ಸ್ಟಾಫ್ ರೂಮಿನಲ್ಲಿ ಎಲ್ಲರ ಕೆಟಲಿನಿಂದ ತಾನೇ ಬಗ್ಗಿಸಿಕೊಂಡ ದಿನವೇ ಮತ್ತೆ ಕುಡಿದದ್ದು. ಅಂಥವನು ತಾನೇ ಕಟ್ಟಿಸಿದ ಮನೆಯಲ್ಲಿ ತನಗೊಂದು ಗೂಡು ಮಾಡಿಕೊಂಡಿದ್ದ.

"ಆವಾಗ ಮಂದಿ ಇಟ್ಟಿದ್ರು, ಮಂದಿ ಮ್ಯಾಲ ಸಿಟ್ಟಾದ್ವಿ," ಅವ್ವ ಉಡಚವ್ವ ರೊಟ್ಟಿ ಬಡಿಯುತ್ತ ಹೇಳಿದಳು. "ಈಗ ತಾವ ಇಟಗೊಂಡಾರ. ನಾ ಯಾರ ಮ್ಯಾಲ ಸಿಟ್ಟಾಗಲಿ, ಹೇಳು?"

ಕರುಣಾಳ ಬಳಿ ಬಣ್ಣವಿತ್ತು.

ಲ್ಯಾಬಿನಲ್ಲಿ ಕಂಡದ್ದನ್ನು ಮನೆಯಲ್ಲಿ ಅಂಗೈಯಗಲದ ಗಾಜಿನ ತಟ್ಟೆಗೆ ಚಿತ್ರವಾಗಿ ಇಳಿಸುವುದು ಅವಳ ಚಟ. ಮೊದಮೊದಲು ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್ ಕುದಿಸಿ ಜೆಲ್ ಮಾಡಿ, ಅದರಲ್ಲಿ ಶಾಯಿ ಬಿಡುತ್ತಿದ್ದಳು. ನೀರು ಹೆಚ್ಚಾಗಿ ಒಣಗಿ ಗಾಜಿನಂತಾಗಬೇಕಾದ ಮೇಲಿನ ಅಂಟು, ರೆಸಿನ್, ಗಟ್ಟಿಯಾಗುತ್ತಿರಲಿಲ್ಲ. ವಾರದಲ್ಲಿ ನಿಜವಾದ ಬೂಸ್ಟು ಬೆಳೆದು ಅವಳ ಚಿತ್ರದ ಬೂಸ್ಟನ್ನು ತಿಂದುಹಾಕುತ್ತಿತ್ತು. "ನಿನಗಿಂತ ಅದರ ಕೈ ಛಲೋ ಐತಿ ಬಿಡು," ಎಂದು ಅಣ್ಣ ಅಂಬರೀಷ ನಕ್ಕಿದ್ದ. ಆಮೇಲೆ ಅಂಗಡಿಯ ಪಾರದರ್ಶಕ ಜೆಲ್ ತಂದಳು. ತೆಳ್ಳಗೆ ಬಳಿದು, ಹಸಿಯಿರುವಾಗಲೇ ಸೂಜಿಯಿಂದ ಶಾಯಿ ಚುಚ್ಚಿದರೆ ಅದು ತನ್ನಷ್ಟಕ್ಕೆ ತಾನು ಹರಡಿ, ಎಳೆ ಬಿಟ್ಟು, ಜೀವ ಬಂದಂತೆ ನಿಲ್ಲುತ್ತದೆ. ಒಣಗಿದ ಮೇಲೆ ರೆಸಿನ್ ಸುರಿದರೆ ಮುಗಿಯಿತು, ಇನ್ನು ಅದು ಅಲುಗುವುದಿಲ್ಲ.

ಈ ಸಲ ಅವಳು ಅಪ್ಪನ ಕ್ರಿಮಿಯನ್ನು ಮಾಡಿದಳು. ಲ್ಯಾಬಿನ ಬಣ್ಣದಲ್ಲಿ ಕಾಣುವ ಹಾಗೆಯೇ: ತಿಳಿನೀಲಿ ನೆಲ, ಮೇಲೆ ಗುಲಾಬಿ ಕಡ್ಡಿಗಳು. ತೋರಿಸಲು ಹೋದರೆ ಅಪ್ಪ ಮುಖ ತಿರುವಿದ.

"ಅದರ ಮಾರಿ ನಾ ಯಾಕ ನೋಡ್ಲಿ? ಅದು ನನ್ನ ನೋಡಿದ್ದ ಸಾಕು."

ಬುದ್ಧ ಪೂರ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಹಿತ್ತಲ ವರಾಂಡದಲ್ಲಿ ಹಲಗೆಯ ಮೇಲೆ ಗಾಜಿನ ತಟ್ಟೆಯಿಟ್ಟು ರೆಸಿನ್ ಸುರಿದಳು. ವಾಸನೆ ಅಪ್ಪನ ಎದೆಗೆ ತಾಕಬಾರದೆಂದು ಒಳಬಾಗಿಲು ಮುಚ್ಚಿದ್ದಳು. ಕೈ ಜಾರಿ ಜಾಸ್ತಿಯೇ ಬಿತ್ತು. ಅಂಚು ದಾಟಿ ಹಲಗೆಯ ಮೇಲೆಲ್ಲ ಹರಡಿತು. ನಾಳಿನ ಪಾಯಸಕ್ಕೆ ಹಾಲು ತರಲು ಹೊರಟವಳು ಅವ್ವನಿಗೆ ಕೂಗಿ ಹೇಳಿದಳು: "ಗಾಳಿ ಬಿಟ್ರ ಮ್ಯಾಲೆ ಏನರ ಮುಚ್ಚು. ಧೂಳ ಕುಂತ್ರ ಎಲ್ಲಾ ಹೋತು!"

ಗಾಳಿ ಬಿಟ್ಟಿತು. ಮೇ ತಿಂಗಳ ಗಾಳಿ, ಮಾಳಮಡ್ಡಿಯ ಓಣಿಯ ಕಸವನ್ನೆಲ್ಲ ಹೊತ್ತುಕೊಂಡು, ಹಿಂದೆ ನಾಲ್ಕು ಹನಿ ಮಳೆ ಕಟ್ಟಿಕೊಂಡು. ಉಡಚವ್ವ ಓಡಿ ಬಂದು, ಕೈಗೆ ಸಿಕ್ಕಿದ್ದನ್ನು ಬೋರಲು ಹಾಕಿ ಒಳಗೆ ಓಡಿದಳು.

ಕೈಗೆ ಸಿಕ್ಕಿದ್ದು ಗೂಡಿನಲ್ಲಿದ್ದ ತಟ್ಟೆ. ಆ ಸಂಜೆ ಅಪ್ಪ ಹಣ್ಣು ತಿಂದು ಮಲಗಿದ. ಯಾರೂ ಅದನ್ನು ಹುಡುಕಲಿಲ್ಲ.

ಬೆಳಿಗ್ಗೆ ಕರುಣಾ ಎತ್ತಲು ಹೋದರೆ ತಟ್ಟೆಯ ಜೊತೆ ಹಲಗೆಯೂ ಮೇಲೆದ್ದಿತು. ಚೆಲ್ಲಿದ ರೆಸಿನ್ ಅಂಚಿನ ಸುತ್ತ ಕಲ್ಲಾಗಿತ್ತು.

"ಅವ್ವಾ, ಏನ್ ಮಾಡಿದಿ ಇದು!"

"ನೀನ ಹೇಳಿದ್ಯಲ್ಲ, ಏನರ ಮುಚ್ಚು ಅಂತ. ಯಾರೂ ಉಣ್ಣದ ತಾಟ ಅದೊಂದ ಇತ್ತು. ಅದು ಫೆವಿಕಾಲ್ ಗತೆ ಹಿಡಕೊಂಡು ಕುಂದರತೈತಿ ಅಂತ ನನಗೇನ್ ಕನಸ ಬಿದ್ದಿತ್ತೇನು?"

ಅಷ್ಟರಲ್ಲಿ ಅಪ್ಪ ಬಂದ. ಗೂಡು ನೋಡಿದ, ಹಲಗೆ ನೋಡಿದ.

"ನನ್ನ ತಾಟ."

"ಅಂಟೇತ್ರಿ," ಎಂದಳು ಅವ್ವ.

"ಬೇಕಂತನ ಮಾಡಿದಿ."

"ಬೇಕಂತ ಮಾಡೂದಿದ್ರ ಆರು ತಿಂಗಳ ಹಿಂದ ಬಾಂವ್ಯಾಗ ಒಗೀತಿದ್ದೆ."

"ಹಂಗಾರ ಬ್ಯಾರೆ ಒಂದು ಕೊಡು. ಗುರ್ತ ಮಾಡಿ ಇಟ್ಟೇನಿ."

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಒಳಗ ಇದ್ದಾವೆಲ್ಲಾ ಕೂಡಿ ಉಣ್ಣೂ ತಾಟ. ಅದರಾಗ ಒಂದನ್ನ ಹೊರಗ ಹಾಕೂದು ನನ್ನ ಕೈಲೆ ಆಗೂದಿಲ್ಲ. ನೀವ ಹೋಗಿ ಆರಸ್ರಿ."

ಅವನು ಒಳಗೆ ಹೋಗಲಿಲ್ಲ. ಉಪಕರಣಗಳ ಡಬ್ಬಿಯಿಂದ ಉಳಿ ತಂದು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಆಗಲೇ ಅಂಬರೀಷ ಆಪೂಸ್ ಹಣ್ಣಿನ ಬುಟ್ಟಿ ಹಿಡಿದು ಹಿತ್ತಲ ಗೇಟಿನಿಂದ ಬಂದವನು ನಿಂತುಬಿಟ್ಟ.

"ಏನಿದು? ಹಬ್ಬದ ದಿನ ತಾಟಿಗೆ ಆಪರೇಶನ್?"

ಅಪ್ಪ ಅಂಚಿನ ಕೆಳಗೆ ಉಳಿ ತೂರಿಸಿ ಮೀಟಿದ. ಮತ್ತೆ ಮೀಟಿದ. ಉಕ್ಕಿನ ಅಂಚು ಹಪ್ಪಳದಂತೆ ಡೊಂಕಾಯಿತು. ಎಲ್ಲೋ ಚಟ್ ಎಂದಿತು. ತಟ್ಟೆ ಎದ್ದು ಬಂದು, ಅಂಚು ಸೀಳಿ, ಅವನ ಕೈಯಲ್ಲಿ ತೂಗಾಡಿತು. ಅದರಲ್ಲಿ ಇನ್ನು ಯಾರೂ ಉಣ್ಣುವಂತಿರಲಿಲ್ಲ. ಅವನು ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದ.

ಆದರೆ ಕಣ್ಣು ಕೆಳಗೆ ಬಿದ್ದಿತ್ತು. ಧೂಳಿನ ಒಂದು ಕಣವೂ ಇಲ್ಲದೆ, ಈಗಷ್ಟೇ ಬಾವಿಯಿಂದ ಸೇದಿದ ನೀರಿನ ಹಾಗೆ, ಒಂದು ನೀಲಿ ಬಿಲ್ಲೆ. ಒಳಗೆ ಗುಲಾಬಿ ಕಡ್ಡಿಗಳು. ಅವನು ಕನ್ನಡಕವನ್ನು ಹಣೆಯಿಂದ ಇಳಿಸಿದ.

"ಆ ಕ್ರಿಮಿ ಇವ ಏನು?"

"ಇವ ನೋಡಪ್ಪಾ."

"ಕೈಯಿಲ್ಲ, ಕಾಲಿಲ್ಲ, ಬಾಯಿನೂ ಇಲ್ಲ." ಬೆರಳಿನಿಂದ ಮುಟ್ಟಲು ಹೋಗಿ ತಡೆದ, ಆಮೇಲೆ ಮುಟ್ಟಿದ, ಹಲಗೆಯಿಂದ ಬಿಡಿಸಿ ಕೈಗೆತ್ತಿಕೊಂಡ. "ಬಣ್ಣದ ಚಾಕ್‌ಪೀಸ್ ಮುರದು ಚೆಲ್ಲಿದಂಗ ಅದಾವು. ಈ ತಾಟಿನ್ಯಾಗ ಇವು ಒಂದೂ ಇದ್ದಿದ್ದಿಲ್ಲ ಅಂತೀ?"

"ಯಾವತ್ತೂ ಇದ್ದಿದ್ದಿಲ್ಲಪ್ಪಾ."

"ಎದ್ಯಾಗ?"

"ಅಲ್ಲೂ ಈಗ ಇಲ್ಲ."

"ಮತ್ತ ಎಲ್ಲದಾವು?"

"ನಿನ್ನ ಕೈಯಾಗ," ಎಂದಳು ಕರುಣಾ. "ರೆಸಿನ್ ಒಳಗ. ಹೊರಗ ಬರಂಗಿಲ್ಲ."

ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಪ್ಪು ಮಾಡಿದ ಹುಡುಗನನ್ನು ಬೈಯಲು ಕರೆದು, ಅವನು ಇಷ್ಟು ಸಣ್ಣವನೇ ಎಂದು ಬೈಗುಳ ಮರೆತ ಮಾಸ್ತರನ ಮುಖ ಅದು. ಕೊನೆಗೆ ಅಂಬರೀಷನತ್ತ ನೋಡದೆಯೇ ಹೇಳಿದ: "ಇಷ್ಟಕ್ಕ ನಾ ಹೊರಗ ಕುಂತಿದ್ದೆ, ನೋಡಪಾ."

ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ನಾಲ್ಕು ತಟ್ಟೆ ಹಾಕಿದಳು. ಅಪ್ಪನನ್ನು ಕರೆಯಲಿಲ್ಲ. ಕರೆದರೆ ಅವನು ಬೇಡವೆನ್ನಬಹುದು ಎಂದು ಕರುಣಾಳಿಗೂ ಗೊತ್ತಿತ್ತು. ಅವಳು ಹಣ್ಣಿನ ಹೋಳುಗಳನ್ನೇ ನೋಡುತ್ತ ಕೂತಳು. ಅಪ್ಪ ಹೊಸ್ತಿಲ ಮೇಲೆ ನಿಂತ. ನಿಂತೇ ಇದ್ದ.

"ಲಗೂ ಕುಂದರ್ರಿ. ಪಾಯಸ ಆರತೈತಿ," ಎಂದಳು ಅವ್ವ, ಬಡಿಸುತ್ತಲೇ.

ಅವನು ಕೂತ. ರೊಟ್ಟಿ ಮುರಿದ. ಕೆಂಪು ಮೆಣಸಿನಕಾಯಿ ಅರೆದ ಹಿಂಡಿಯ ಖಾರ ನೆತ್ತಿಗೇರಿ ಒಮ್ಮೆ ಕೆಮ್ಮಿದಾಗ ಮೂವರ ಕೈಗಳೂ ನಿಂತವು.

"ಅವ್ವನ ಖಾರ ಅದು," ಎಂದ ಅಂಬರೀಷ, "ಇದಕ್ಕ ಇನ್ನೂ ಔಷಧ ಕಂಡಹಿಡಿದಿಲ್ಲ."

ಅಪ್ಪ ನಕ್ಕ. ಕೆಮ್ಮುತ್ತ, ಕಣ್ಣಲ್ಲಿ ನೀರು ತಂದುಕೊಂಡು ನಕ್ಕ. ಆರು ತಿಂಗಳಿಂದ ಎದೆಯಲ್ಲಿ ಹಿಡಿದಿಟ್ಟ ಏನನ್ನೋ ಕರುಣಾ ಆಗ ಬಿಟ್ಟಳು; ಅದು ಬರೀ ಉಸಿರಾಗಿತ್ತು.

ನಗು ಇನ್ನೂ ಇಳಿದಿರಲಿಲ್ಲ, ಉಡಚವ್ವ ಕೈ ಚಾಚಿ ಗಂಡನ ತಟ್ಟೆಯಿಂದಲೇ ರೊಟ್ಟಿಯ ಚೂರೊಂದನ್ನು ಮುರಿದು, ಅವನ ಪಲ್ಯದಲ್ಲೇ ಅದ್ದಿ, ಬಾಯಿಗಿಟ್ಟಳು. ಅವನ ಕೈ ತಡೆಯಲೆಂದು ಅರ್ಧ ಎದ್ದು, ಅಲ್ಲೇ ಉಳಿಯಿತು. ಅವಳು ನಿಧಾನ ಅಗಿದಳು.

"ಉಪ್ಪ ಕಡಿಮಿ ಆಗೇತಲ್ರಿ."

"ಆರು ತಿಂಗಳಿಂದ ಕಡಿಮಿನ ಐತಿ."

"ಹೇಳಬಾರದೇನ್ರಿ ಮತ್ತ!"

"ಹೊರಗ ಕುಂತವ ಉಪ್ಪು ಕೇಳಿದ್ರ," ಎಂದ ಗಂಗಪ್ಪ, "ನೀ ಎದ್ದು ಸಮೀಪ ಬರತಿದ್ದಿ." ಆಮೇಲೆ, ಎಲ್ಲರ ನಡುವೆ ಇದ್ದ ಉಪ್ಪಿನ ಬಟ್ಟಲಿಗೆ ತಾನೇ ಕೈ ಹಾಕಿ, ಒಂದು ಚಿಟಿಕೆ ತೆಗೆದುಕೊಂಡ.