ಬಾಳಂತಿಗೆ ಖರ್ಜೂರ

ಹಾರ್ಮೋನಿಯಂ ಉಸಿರು ಬಿಡುತ್ತಿದೆ, ಸ್ವರವಿಲ್ಲ, ಬರೀ ಉಸಿರು, ಪ್ರೇಮಕುಮಾರ ಸಿಟ್ಟಿನಲ್ಲಿದ್ದರೆ ಹೀಗೇ, ಸ್ವರದ ಮನೆಗಳ ಮೇಲೆ ಬೆರಳಿಡದೆ ಸುಮ್ಮನೆ ತಿದಿ ಒತ್ತುತ್ತಾನೆ, ಮೀರಾಬಾಯಿ ಹಿಂತಿರುಗಿ ನೋಡಲಿಲ್ಲ, ಜೋಳದ ಕಣಿಕೆಯನ್ನು ಮಾತೆ ಮರಿಯಮ್ಮನ ಗೊಂಬೆಯ ಸುತ್ತ ಸರಿಪಡಿಸಿದಳು — ಹುಮನಾಬಾದಿನ ಈ ಪುಟ್ಟ ಚರ್ಚಿನಲ್ಲಿ ಪ್ರತಿ ಕ್ರಿಸ್‌ಮಸ್ಸಿಗೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುವವಳು ಅವಳೇ, ಹಾಡಿನ ಗುಂಪು ನಡೆಸುವವನು ಪ್ರೇಮ, ತಂಗಿ ತೀರಿದ ಮೇಲೆ ಅವಳೇ ಸಾಕಿದ ಮಗ — ಮಡಿಲಲ್ಲಿ ಗೆಳತಿ ಅಸ್ಗರಿ ಕೊಟ್ಟ ಖರ್ಜೂರದ ಪೊಟ್ಟಣ, ಇನ್ನೂ ಬಿಚ್ಚಿಲ್ಲ, ಬಿಚ್ಚಿದರೆ ಗೋದಲಿಯಲ್ಲಿ ಇಡಬೇಕು, ಇಟ್ಟರೆ ಇವನು ಹೋಗುತ್ತಾನೆ, ನಿನ್ನೆಯೇ ಹೇಳಿದ್ದಾನೆ, ದೊಡ್ಡವ್ವಾ, ನೀ ಖಜೂರ ಇಟ್ಟಿ ಅಂದ್ರ ನಾಳಿ ಪೂಜಾದಾಗ ನಾ ಹಾಡಂಗಿಲ್ಲ, ನಮ್ಮ ಹುಡುಗ್ರೂ ಹಾಡಂಗಿಲ್ಲ, ಈ ಚರ್ಚಿಗಿ ನಾ ಮತ್ತ ಬರಂಗಿಲ್ಲ.

ಹೋದ ಭಾನುವಾರ ಪೂಜೆಯ ಕೊನೆಗೆ ಫಾದರ್ ಎಷ್ಟು ಮೆಲ್ಲಗೆ ಹೇಳಿದ್ದರು, ಕುರಾನಿನಲ್ಲಿ ನಮ್ಮ ಮಾತೆಯ ಹೆಸರಿನ ಅಧ್ಯಾಯವೇ ಇದೆ, ಹೆರಿಗೆಯ ಬೇನೆಯಲ್ಲಿ ಆಕೆ ಖರ್ಜೂರದ ಮರದ ಬುಡಕ್ಕೆ ಬಂದಳು, ದುಃಖಿಸಬೇಡ, ಹಣ್ಣು ತಿನ್ನು, ನೀರು ಕುಡಿ ಎಂಬ ದನಿ ಕೇಳಿತು ಅಂತ ಬರೆದಿದೆ, ಈ ಸಲ ಗೋದಲಿಯಲ್ಲಿ ಒಂದು ಹಿಡಿ ಖರ್ಜೂರ ಇಡೋಣ, ಅವರು ಆಕೆಗೆ ಕೊಟ್ಟ ಗೌರವಕ್ಕೆ ನಮ್ಮದೊಂದು ನಮಸ್ಕಾರ — ಆಗ ಪ್ರೇಮ ಎದ್ದು ನಿಂತ, ಅದೇ ಕುರಾನಿನ್ಯಾಗ ಯೇಸು ದೇವ್ರ ಮಗ ಅಲ್ಲಂತ ಅದ, ಅದನ್ನೂ ಓದ್ತೀರೇನ್ರಿ ಫಾದರ್, ಹಿಂದಿನಿಂದ ಯಾರೋ, ಮುಂದಿನ ವರ್ಷ ಬಿರಿಯಾನಿ ಇಡೋಣ್ರಿ ಎಂದು ನಗಿಸಿದರು, ಫಾದರ್ ಕಿವಿ ಕೆಂಪಾಯಿತು, ಅದೂ ಇದೆ ಪ್ರೇಮ್, ಅದನ್ನು ನಾನು ಒಪ್ಪುವುದಿಲ್ಲ, ಆದರೂ ನಮ್ಮ ತಾಯಿಗೆ ಮರ್ಯಾದೆ ಕೊಟ್ಟವರಿಗೆ ಕೈ ಮುಗಿಯಬಹುದಲ್ಲ, ಆಮೇಲೆ ಇವಳತ್ತ ತಿರುಗಿ, ಗೋದಲಿ ಕಟ್ಟುವವರು ನೀವು ಟೀಚರ್, ನಿಮಗೆ ಸರಿ ಕಂಡಂತೆ ಮಾಡಿ — ಪ್ರೇಮ ಸುಳ್ಳು ಹೇಳಲಿಲ್ಲ, ಅದೇ ಕಷ್ಟ, ಸುಳ್ಳಾಗಿದ್ದರೆ ಬೈದುಬಿಡಬಹುದಿತ್ತು.

ಅಸ್ಗರಿಯ ಮನೆಯಲ್ಲೂ ಇದೇ ಜಗಳ, ಬಸವಕಲ್ಯಾಣದ ಶಾಲೆಯಲ್ಲಿ ಅವಳು ಉರ್ದು, ಇವಳು ಕನ್ನಡ ಕಲಿಸಿದವರು, ಫಾದರ್ ಮಾತನ್ನು ಫೋನಿನಲ್ಲಿ ಹೇಳಿದ್ದೇ ತಡ, ನಾನೇ ಕೊಡ್ತೀನಿ, ಬಂದು ಒಯ್ಯಿ ಅಂದಿದ್ದಳು, ಇವತ್ತು ಬೆಳಿಗ್ಗೆ ಹೋದರೆ ಒಳಗಿನಿಂದ ಮಗ ಅಬ್ದುಲ್ ಕರೀಂ, ಅಮ್ಮೀ, ಮೂರ್ತಿ ಮುಂದ ಇಡಾಕ ಕೊಡಾಕತ್ತೀ ಏನು, ಗುನಾಹ್ ಆಗ್ತದ, ಪಾಪ ಹತ್ತತದ, ಅಸ್ಗರಿ ಅಂದಳು, ಬಾಳಂತಿಗಿ ಕೊಡಾಕ ನಿನ್ನ ಇಜಾಜತ್, ನಿನ್ನ ಅಪ್ಪಣಿ ಬೇಕೇನೋ, ಹೋಗ್, ಚಹಾ ಮಾಡು, ಅವನು ಗೊಣಗುತ್ತಲೇ ಮಾಡಿ ತಂದ, ಇವಳ ಕೆಮ್ಮು ಕೇಳಿಸಿತ್ತೇನೋ, ಶುಂಠಿ ಜಾಸ್ತಿ ಹಾಕಿದ್ದ.

ಬರುವಾಗ ಬಸ್ಸಿನಲ್ಲಿ ಒಂದು ಉಪಾಯ ಹೊಳೆದಿತ್ತು, ಪೊಟ್ಟಣ ಮನೆಯಲ್ಲೇ ಇರಲಿ, ಇಟ್ಟೆ ಎಂದು ಅಸ್ಗರಿಗೆ ಹೇಳಿದರಾಯಿತು, ಯಾರಿಗೂ ನೋವಿಲ್ಲ — ಆದರೂ ಇಲ್ಲಿಗೇ ತಂದಿದ್ದಾಳೆ, ಬೆರಳು ದಾರ ಬಿಚ್ಚುತ್ತಿದೆ, ಒಂದನ್ನು ಎತ್ತಿಕೊಂಡಳು, ಪಕ್ಕದಲ್ಲಿ ಸಣ್ಣ ಸೀಳು, ಒತ್ತಿದರೆ ಮೆತ್ತಗೆ, ಬೀಜವಿಲ್ಲ, ಇನ್ನೊಂದರಲ್ಲೂ ಇಲ್ಲ, ಯಾವುದರಲ್ಲೂ ಇಲ್ಲ, ಅಸ್ಗರಿ ಒಂದೊಂದನ್ನೂ ಸೀಳಿ ಬೀಜ ತೆಗೆದು ಮತ್ತೆ ಒತ್ತಿ ಮುಚ್ಚಿದ್ದಾಳೆ, ಸಂಧಿವಾತದ ಬೆರಳುಗಳಲ್ಲಿ, ಕುಪ್ಪಸದ ಗುಂಡಿ ಹಾಕಲೂ ಸೊಸೆಯನ್ನು ಕರೆಯುವ ಆ ಸೊಟ್ಟ ಬೆರಳುಗಳಲ್ಲಿ, ಗೊಂಬೆಗೆ ಯಾರು ಬೀಜ ತೆಗೆಯುತ್ತಾರೆ, ಹೆತ್ತು ಮಲಗಿದವಳಿಗೆ ತೆಗೆಯುತ್ತಾರೆ, ಹಲ್ಲಿಗೆ ಗಟ್ಟಿ ಸಿಗದಿರಲಿ ಎಂದು — ಮೀರಾಬಾಯಿ ಅವನ್ನು ಮರಿಯಮ್ಮನ ಕೈಗೆ ಎಟುಕುವಷ್ಟು ಹತ್ತಿರ ಇಟ್ಟಳು, ಹಿಂದೆ ತಿದಿ ನಿಂತಿತು, ಕೊಂಡಿ ಬಿತ್ತು, ಹಾರ್ಮೋನಿಯಂ ಪೆಟ್ಟಿಗೆ ಎತ್ತಿದ ಸದ್ದು, ಇಟ್ಟೆಲ್ಲಾ ದೊಡ್ಡವ್ವಾ, ಹ್ಞೂಂ ಇಟ್ಟೀನಪ್ಪ, ಪೆಟ್ಟಿಗಿ ಭಾರ ಅದ, ಮೆಟ್ಲ ನೋಡಿ ಇಳಿ, ಅವನು ಹೋದ, ಹೋಗುವಾಗ ಬಾಗಿಲು ಮುಂದಕ್ಕೆಳೆದುಕೊಂಡ, ಓಣಿಯ ಮೇಕೆಗಳು ಒಳಗೆ ಬಂದು ಗೋದಲಿಯ ಕಣಿಕೆ ಮೇಯುತ್ತವೆ ಎಂದು ಅವನಿಗೆ ಗೊತ್ತು, ಅಷ್ಟು ಸಿಟ್ಟಿನಲ್ಲೂ — ಇವತ್ತು ಹಾಡು ಎತ್ತುವವರು ಯಾರು, ತಾನೇ ಎತ್ತಬೇಕು, ಈ ಒಡಕು ದನಿಯಲ್ಲಿ, ಮೊದಲ ಸಾಲು ಯಾವುದು, ನೆನಪಾಗುತ್ತಿಲ್ಲ, ಕಣ್ಣ ಮುಂದೆ ಇದೊಂದೇ, ಸಣ್ಣ ಸೀಳು, ಒಳಗೆ ಬೀಜವಿಲ್ಲ, ಮುಚ್ಚಿದ ಜಾಗದಲ್ಲಿ ಅಸ್ಗರಿಯ ಹೆಬ್ಬೆರಳಿನ ಗುರುತು